ಅತ್ತೆಯ ಎಲೆಗೆ ಮಫಿನ್

ಅತ್ತೆ ತೀರಿಹೋದ ಮೇಲಿನ ಮೊದಲ ಆಟಿಯಲ್ಲಿ ನಾನು ಅವರ ಎಲೆಗೆ ಒಂದು ಮಫಿನ್ ಇಟ್ಟೆ. ಪ್ರೀತಿಯಿಂದಲ್ಲ, ಹೊಟ್ಟೆ ಉರಿದು ಇಟ್ಟೆ. ನಮ್ಮಲ್ಲಿ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ಕ್ರಮ. ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ಕರೆದು, ಅವರು ಉಣ್ಣಲೆಂದು ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಇಷ್ಟವಿಲ್ಲದ್ದನ್ನು ಇಟ್ಟರೆ ಹಸಿದೇ ಹೋಗುತ್ತಾರಂತೆ. ಹೋಗಲಿ ಎಂದೇ ಇಟ್ಟೆ.

ಬೆಳುವಾಯಿಯ ಈ ಮನೆಗೆ ಓವನ್ ಬಂದದ್ದು ನನ್ನ ಮದುವೆಯಾದ ಎರಡನೇ ವರ್ಷ. ಗೊನೆ ಒಟ್ಟಿಗೇ ಹಣ್ಣಾಗಿ ಸಿಪ್ಪೆ ಕಪ್ಪಾದ ಬಾಳೆಹಣ್ಣನ್ನು ಕಿವುಚಿ, ಸಕ್ಕರೆಯಲ್ಲಿ ಬತ್ತಿಸಿದ ಅನಾನಸಿನ ಚೂರು ಸೇರಿಸಿ, ಏಲಕ್ಕಿ, ಲವಂಗ, ಶುಂಠಿ ಕುಟ್ಟಿ ಹಾಕಿ, ಹಿತ್ತಲ ಮರದ ಜಾಯಿಕಾಯಿ ತುರಿದು ಮಫಿನ್ ಮಾಡುತ್ತಿದ್ದೆ. ಅತ್ತೆ ಮೂಗು ಮುರಿದರು. ಅರೆಯುವ ಕಲ್ಲಲ್ಲಿ ಅಕ್ಕಿ ಕಡೆಯಲು ಸೋಮಾರಿಯಾದವರ ತಿಂಡಿ ಇದು ಎಂದರು. ನನ್ನೆದುರು ಒಂದು ಚೂರನ್ನೂ ಬಾಯಿಗಿಡಲಿಲ್ಲ. ಮರುದಿನ ನೋಡಿದರೆ ಡಬ್ಬ ಅರ್ಧ ಖಾಲಿ. ಕೇಳಿದರೆ, ಯಾರಿಗೂ ಬೇಡವಾಗಿತ್ತು, ನಾಯಿಗೆ ಹಾಕಿದೆ ಎಂದು ತಣ್ಣಗೆ ಹೇಳುತ್ತಿದ್ದರು.

ಹನ್ನೊಂದು ವರ್ಷ ಇದೇ ಮಾತು. ನಾನೆಂಥ ಪೆದ್ದಿ! ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಲವಂಗ ಹೆಚ್ಚಾಯಿತೋ ಏನೋ ಎಂದು ಕಡಿಮೆ ಮಾಡಿದೆ, ಸಕ್ಕರೆ ಬಿಟ್ಟು ಬೆಲ್ಲ ಹಾಕಿದೆ. ಆ ಹೆಂಗಸು ಒಂದೇ ಒಂದು ಸಲ ತಿಂದು ‘ಅಡ್ಡಿಯಿಲ್ಲ’ ಎನ್ನಬೇಕು, ನನಗೆ ಬೇಕಾದದ್ದು ಅಷ್ಟೇ. ಅದನ್ನು ಹೇಳದೆಯೇ ಅವರು ಸತ್ತರು. ಎಲ್ಲರೂ ಅಳುತ್ತಿದ್ದಾಗ ನನಗೆ ಬಂದದ್ದು ಸಿಟ್ಟು.

ಆಟಿಗೆ ಬಡಿಸುವ ದಿನ ನಾರಾವಿಯಿಂದ ನಾದಿನಿ ಬಂದಳು, ಅತ್ತೆಯ ಒಬ್ಬಳೇ ಮಗಳು. ಹಬ್ಬಕ್ಕೋ ಕಾರ್ಯಕ್ಕೋ ಮಾತ್ರ ಬರುವವಳು. ಅಂಥ ದಿನ ಕೋಳಿ, ದೋಸೆಗಳ ಗಡಿಬಿಡಿಯಲ್ಲಿ ನನ್ನ ಓವನ್ ಬಿಸಿಯಾಗುವುದೇ ಇಲ್ಲ. ಮಗಳನ್ನು ನೋಡಲು ತಿಂಗಳಿಗೆರಡು ಸಲ ಬಸ್ಸು ಹತ್ತಿ ಹೋಗುತ್ತಿದ್ದವರು ಅತ್ತೆಯೇ. ಆ ದಿನ ನಾದಿನಿ ಬಂದವಳೇ ಅಮ್ಮನಿಗೆ ಏನೇನು ಇಷ್ಟ ಎಂದು ನನಗೆ ಪಾಠ ಮಾಡಿದಳು. ಓವನಿನ ಕಡೆ ನೋಡಿ, ನಿಮ್ಮ ಆ ಬೇಕರಿ ತಿಂಡಿಯನ್ನು ಮಾತ್ರ ಎಲೆಗೆ ಇಡುವುದು ಬೇಡ, ಅಮ್ಮನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಈ ಸಲ ಮಾತ್ರ ಬೆಳಿಗ್ಗೆಯೇ ಮಫಿನ್ ಮಾಡಿ ಮುಚ್ಚಿಟ್ಟಿದ್ದೆ. ಸಂಜೆ ಗಂಡ ಅಮ್ಮನನ್ನು ಕರೆದು ಹೊರಗೆ ಬಂದ ಮೇಲೆ, ದೀಪ ಸರಿಮಾಡುವ ನೆಪದಲ್ಲಿ ಒಳಗೆ ಹೋಗಿ ದೋಸೆಯ ಹಿಂದೆ ಒಂದನ್ನು ಇಟ್ಟೆ. ಬದುಕಿದ್ದಾಗ ತಿನ್ನಲಿಲ್ಲವಲ್ಲ, ಈಗ ತಿನ್ನಿ ಎಂದು ಮನಸ್ಸಿನಲ್ಲೇ ಹೇಳಿ ಬಾಗಿಲೆಳೆದೆ.

ಬಾಗಿಲು ತೆಗೆದಾಗ ಮಫಿನ್ ಮೊದಲು ಕಂಡದ್ದು ನಾದಿನಿಗೇ. ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ. ಅವಳು ಅದನ್ನು ಎತ್ತಿ ಮೂಸಿದಳು. ಮುರಿದು ಬಾಯಿಗೆ ಹಾಕಿದಳು. ಕಣ್ಣು ತುಂಬಿಕೊಂಡವು.

“ಇದು ಅಮ್ಮ ಮಾಡಿ ತರ್ತಿದ್ದದ್ದೇ. ಅತ್ತಿಗೆ, ನಿಮಗೆ ಅಮ್ಮ ಇದನ್ನು ಯಾವಾಗ ಕಲಿಸಿದ್ದು?”

ನಾನು ಅವಳ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ. ಮುಚ್ಚಿಟ್ಟಿದ್ದ ತಟ್ಟೆ ತೆಗೆದು ಉಳಿದ ಮಫಿನ್‌ಗಳನ್ನು, ಅರ್ಧ ತುರಿದ ಜಾಯಿಕಾಯಿಯನ್ನು ತೋರಿಸಿದೆ.

“ನಿನ್ನ ಅಮ್ಮನಿಗೆ ಈ ಓವನಿನ ಸ್ವಿಚ್ ಯಾವುದೂಂತ ಸಹ ಗೊತ್ತಿರಲಿಲ್ಲ. ನೀನು ತಿಂದದ್ದೆಲ್ಲ ನಾನು ಮಾಡಿದ್ದು.”

ಸತ್ತವರ ಮೇಲೆ ಸುಳ್ಳು ಹೇಳಬೇಡಿ ಎಂದು ಬಾಯಿ ತೆರೆದವಳು ತಟ್ಟೆಯಿಂದ ಒಂದನ್ನು ಎತ್ತಿ ಮತ್ತೆ ಮೂಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: ಪ್ರತಿ ಸಲವೂ ಅಮ್ಮ ಎದುರು ಕೂತು ತಾನೂ ಎರಡು ತಿನ್ನುತ್ತಿದ್ದರಂತೆ, ಮೂರನೆಯದಕ್ಕೆ ಕೈ ಹಾಕಿ ಸಕ್ಕರೆ ಕಾಯಿಲೆಯೆಂದು ಹಿಂದೆ ಎಳೆದುಕೊಳ್ಳುತ್ತಿದ್ದರಂತೆ.

ಅವಳು ಅಳುತ್ತಾ ನೆಲದ ಮೇಲೆ ಕೂತಳು. ನಾನು ಸಮಾಧಾನ ಮಾಡಲಿಲ್ಲ. ರುಚಿ ಸೇರದೆ ತಿನ್ನದೇ ಇದ್ದವರನ್ನು ಹೇಗೋ ಮರೆಯಬಹುದಿತ್ತು. ಇವರು ಇಷ್ಟಪಟ್ಟು ತಿಂದು, ನನಗೆ ಮಾತ್ರ ಅದನ್ನು ಹೇಳಬಾರದೆಂದು ಹನ್ನೊಂದು ವರ್ಷ ನಾಲಿಗೆ ಕಚ್ಚಿ ಹಿಡಿದವರು. ಬರುವ ಆಟಿಗೂ ಇಡುತ್ತೇನೆ, ಮಗಳು ನೋಡುತ್ತಿರುವಾಗಲೇ, ಎಲೆಯ ನಡುವಿಗೇ, ಮೂರು.