ಮೇಲಿನ ಅದು, ಕೆಳಗಿನ ಅದು

೨೦೦೪ರಲ್ಲಿ ನಾನು ಲಂಡನ್ನಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮಿದುಳಿನಲ್ಲಿ ಮಾತಿನ ಜಾಗದ ಹತ್ತಿರ ಗಡ್ಡೆ ಬೆಳೆದವರಿಗೆ ಅಲ್ಲಿ ಅವೇಕ್ ಸರ್ಜರಿ ಮಾಡುತ್ತಿದ್ದರು. ರೋಗಿ ಎಚ್ಚರವಿದ್ದು ಮಾತನಾಡುತ್ತಿರುವಾಗಲೇ ಸರ್ಜನ್ ಮಿದುಳಿಗೆ ಸಣ್ಣದಾಗಿ ವಿದ್ಯುತ್ ತಾಗಿಸುತ್ತಾರೆ. ಆಗ ಮಾತು ತಪ್ಪಿದರೆ ಆ ಜಾಗವನ್ನು ಕತ್ತರಿಸುವಂತಿಲ್ಲ. ತಪ್ಪಿತೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ಎಷ್ಟು ವರ್ಷವಾದರೂ ಆಪರೇಷನ್ ಥಿಯೇಟರಿಗೆ ಕಾಲಿಡುವಾಗಿನ ಭಯ ಹೋಗಿರಲಿಲ್ಲ.

ಹರ್ಕ ಲಿಂಬು ಪೂರ್ವ ನೇಪಾಳದವರು, ಪಾರ್ಕ್ ರಾಯಲ್‌ನ ಗೋದಾಮಿನಲ್ಲಿ ಕೆಲಸಕ್ಕಿದ್ದರು. ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಹೆಸರು ಹೇಳಿಸಿದರೆ ಸಾಕೆಂದು ತಂಡದವರು ತೀರ್ಮಾನಿಸಿದ್ದರು. ರೋಗಿ ಮನೆಯಲ್ಲಿ ಹೇಗೆ ಮಾತನಾಡುತ್ತಾರೆಂದು ನೋಡದೆ ನಾನು ಒಪ್ಪುವವಳಲ್ಲ. ಹಟಮಾರಿ ಎಂಬ ಬಿರುದು ಬಂದದ್ದೂ ಅದಕ್ಕೇ.

ರೇನರ್ಸ್ ಲೇನ್‌ನ ಅವರ ಮನೆಗೆ ಹೋದೆ. ಹೆಂಡತಿ ಮನಮಾಯಾಗೆ ಕಣ್ಣು ಕಾಣುತ್ತಿರಲಿಲ್ಲ, ಬರುತ್ತಿದ್ದದ್ದು ಲಿಂಬು ಭಾಷೆಯೊಂದೇ. ನಮಗೆ 'ಇದು', 'ಅದು' ಎರಡಿದ್ದರೆ ಸಂಸಾರ ಸಾಗುತ್ತದೆ, ಉಳಿದದ್ದನ್ನು ಬೆರಳು ತೋರಿಸುತ್ತದೆ. ಗುಡ್ಡಗಾಡಿನ ಆ ಭಾಷೆಯಲ್ಲಿ ಮೇಲಿರುವುದಕ್ಕೆ ಒಂದು 'ಅದು', ಕೆಳಗಿರುವುದಕ್ಕೆ ಇನ್ನೊಂದು, ಸಮಮಟ್ಟದಲ್ಲಿ ಆಚೆ ಇರುವುದಕ್ಕೆ ಮತ್ತೊಂದು. ಹರ್ಕ ಕುರ್ಚಿಯಲ್ಲಿ ಕೂತೇ ಇಂಥ ಒಂದೊಂದು ಪದ ಹೇಳುತ್ತಿದ್ದರು. ಅದನ್ನೇ ಹಿಡಿದು ಆಕೆ ಸಲೀಸಾಗಿ ಮೆಟ್ಟಿಲಿಳಿದು, ಉರಿಯುವ ಒಲೆ ತಪ್ಪಿಸಿ, ಶೆಲ್ಫಿನಿಂದ ಕಪ್ ತೆಗೆದರು. ಅವಳೊಂದಿಗಿನ ಮಾತು ಉಳಿಸಿಕೊಡಿ, ಮಿಕ್ಕದ್ದು ಹೇಗಾದರೂ ಆಗಲಿ ಎಂದು ಹರ್ಕ ನನ್ನ ಕೈ ಹಿಡಿದರು.

ಆಪರೇಷನ್ ದಿನ ಅವರ ಮಗಳು ಸಬಿನಾಳನ್ನು ತಂದೆಯ ಮುಖದೆದುರು ಕೂರಿಸಿದೆ. ಸರ್ಜನ್ ದೇಶಪಾಂಡೆ ಧಾರವಾಡದವರು. ರೋಗಿ ಎಲ್ಲವನ್ನೂ ಕೇಳಿಸಿಕೊಳ್ಳುವುದರಿಂದ ಹೆದರಿಸುವಂಥ ಸುದ್ದಿಯನ್ನು ನಾವಿಬ್ಬರೂ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಹರ್ಕ ಚಿತ್ರಗಳ ಹೆಸರನ್ನೆಲ್ಲ ಇಂಗ್ಲಿಷಿನಲ್ಲಿ ಸರಿಯಾಗಿ ಹೇಳಿದರು. ಆಮೇಲೆ ಸಬಿನಾ ಕಪ್ಪೊಂದನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಿಡಿದು, ಅಮ್ಮನಿಗೆ ಹೇಳುವ ಹಾಗೆ ಹೇಳಲು ಕೇಳಿದಳು. ವಿದ್ಯುತ್ ತಾಗಿತು. ಅಪ್ಪನ ಉತ್ತರ ಕೇಳಿದವಳೇ ನನ್ನತ್ತ ತಿರುಗಿ ತಲೆಯಲ್ಲಾಡಿಸಿದಳು. ಕೆಳಗಿನದಕ್ಕೂ ಮೇಲಿನ ಪದವೇ ಬಂದಿತ್ತು. ವಿದ್ಯುತ್ ತೆಗೆದರೆ ಸರಿಹೋಗುತ್ತಿತ್ತು, ತಾಗಿಸಿದರೆ ಮತ್ತೆ ತಪ್ಪು. ತಪ್ಪುತ್ತಿರುವುದು ಹರ್ಕರಿಗೂ ತಿಳಿಯಿತು. ಆ ಕಣ್ಣುಗಳಲ್ಲಿದ್ದ ಗಾಬರಿಯನ್ನು ನೋಡಲಾಗಲಿಲ್ಲ.

"ಹೆಸರೆಲ್ಲಾ ಸರಿ ಹೇಳ್ಲಿಕ್ಕತ್ತಾರಲ್ರೀ," ಎಂದರು ದೇಶಪಾಂಡೆ. "ಇದೊಂದು ಚೂರು ತಗದ್ರ ಗಡ್ಡಿ ಪೂರಾ ಹೋಗ್ತದ. ಬಿಟ್ರ ಮತ್ತ ಬೆಳೀತದ, ಗೊತ್ತದ ಇಲ್ಲೋ ನಿಮಗ?"

ಗೊತ್ತಿತ್ತು. ಇದು ಬರೀ ಸುಸ್ತಿನ ತಪ್ಪಾಗಿದ್ದರೆ? ನನ್ನ ಮಾತು ನಂಬಿ ಬಿಟ್ಟ ಚೂರೇ ನಾಳೆ ಪ್ರಾಣ ತೆಗೆದರೆ?

"ನಿಲ್ಸಿ ಸಾರ್," ಎಂದೆ.

ಅವರು ಉಪಕರಣ ಕೆಳಗಿಟ್ಟರು.

ಅಲ್ಲಿಂದಾಚೆಗೆ ಹರ್ಕರ ಸ್ಕ್ಯಾನ್ ಬಂತೆಂದರೆ ರಿಪೋರ್ಟ್ ತೆರೆಯಲು ಕೈ ಬರುತ್ತಿರಲಿಲ್ಲ. ಮಾತು ಉಳಿಯಿತೇ ಎಂದು ಅಳೆಯುವ ಮೊದಲು, ಅದು ಯಾರಿಗಾಗಿ ಉಳಿಯಬೇಕು ಎಂದು ಕೇಳುವುದನ್ನು ಈ ಕೆಲಸ ನನಗೆ ಕಲಿಸಿತ್ತು. ಭಯವನ್ನು ಬಿಡುವುದು ಹೇಗೆಂದು ಮಾತ್ರ ಕಲಿಸಲಿಲ್ಲ.

ನಾಲ್ಕನೇ ವರ್ಷ ಗಡ್ಡೆ ಮರಳಿ ಬಂತು. ಹರ್ಕ ತೀರಿಕೊಂಡ ಸುದ್ದಿ ಕೇಳಿ ಮನೆಗೆ ಹೋದೆ. ಅಂದು ನಿಲ್ಲಿಸಿದ್ದು ಸರಿಯಾಯಿತೇ ಎಂದು ಕೇಳಲು ಧೈರ್ಯ ಬರಲಿಲ್ಲ. ಮನಮಾಯಾ ತಡಕಾಡಿ ನನ್ನ ಕೈ ಹುಡುಕಿಕೊಂಡರು. ಅವರು ಹೇಳಿದ್ದನ್ನು ಸಬಿನಾ ಮೆಲ್ಲಗೆ ಇಂಗ್ಲಿಷಿಗೆ ತಿರುಗಿಸಿದಳು: ಕೊನೆಯ ದಿನ ಅವರಿಗೆ ಬಾಯಾರಿಕೆಯಾಗಿತ್ತು. ಲೋಟ ಎಲ್ಲಿದೆ ಎಂದು ಅವರೇ ಹೇಳಿದರು. ನೀರು ನಾನೇ ಕುಡಿಸಿದೆ.