ಕ್ಲಿಪ್ಪಿನ ಬಾಲ

ಹೊಸದಾಗಿ ಕೆಲಸಕ್ಕೆ ಸೇರಿದ ಅವಳು ಸುದ್ದಿ ಚಾನೆಲ್ಲಿನ ಸರ್ವರ್ ಕೋಣೆಗೆ ಮೊದಲ ಸಲ ಕಾಲಿಟ್ಟಾಗ ಬೆಳಿಗ್ಗೆ ಹತ್ತು ಗಂಟೆ. ಎ.ಸಿ.ಯ ಚಳಿಗೆ ಹಲ್ಲು ಕಟಕಟ ಎಂದವು. ಮಾಸಿದ ಸ್ವೆಟರ್ ತೊಟ್ಟು, ಒಂದೇ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕೂತಿದ್ದವರು ಪರದೆಯಿಂದ ಕಣ್ಣು ತೆಗೆಯದೆ, ಪಕ್ಕದ ಕುರ್ಚಿಯ ಮೇಲಿದ್ದ ಶಾಲನ್ನು ಅವಳತ್ತ ಚಾಚಿದರು. ಆಫೀಸಿನವರೆಲ್ಲ ಅವರನ್ನು ಕತ್ತರಿಯಣ್ಣ ಎನ್ನುತ್ತಿದ್ದರು.

"ಹೊದ್ಕೋ ತಂಗಿ. ಯಂತ್ರಗಳಿಗೆ ಸೆಕೆ ಆಗಬಾರ್ದು ಅಂತ ಇಲ್ಲಿ ಮನುಷ್ಯರನ್ನ ಫ್ರಿಜ್ಜಲ್ಲಿ ಇಡ್ತಾರೆ."

ಕ್ಯಾಮೆರಾದವರು ತಂದ ದೃಶ್ಯಗಳಲ್ಲಿ ಬೇಕಾದಷ್ಟನ್ನು ಉಳಿಸಿ ಮಿಕ್ಕಿದ್ದನ್ನು ಅಳಿಸುವುದು ಅವರ ಕೆಲಸ. ಒಮ್ಮೆ ಟ್ರಿಮ್ ಮಾಡಿದರೆ ಮುಗಿಯಿತು, ತಿರುಗಿ ಬರುವುದಿಲ್ಲ. ಅದಕ್ಕೇ ಅವರದೊಂದು ಹಟ: ಕ್ಲಿಪ್ಪನ್ನು ಬಾಲದವರೆಗೂ ನೋಡದೆ ಕತ್ತರಿಸಕೂಡದು.

"ಕ್ಯಾಮೆರಾದವ ಆಫ್ ಮಾಡೋದು ಮರೆತು ಟೀ ಕುಡಿಯೋಕೆ ಹೋಗಿರ್ತಾನೆ. ಏನಾದ್ರೂ ಸಿಕ್ಕೋದಿದ್ರೆ ಅಲ್ಲೇ ಸಿಗೋದು."

ಎರಡು ವರ್ಷ ಅವಳೂ ಹಾಗೇ ನೋಡಿದಳು. ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋಗಿದ್ದರು. ಸರ್ವರ್ ತುಂಬಿ ಕೆಂಪು ದೀಪ ಮಿನುಗುತ್ತಿತ್ತು. "ಜಾಗ ಮಾಡ್ರೀ, ಒಂದು ಗಂಟೆಗೆ ಸುದ್ದಿ ಇದೆ!" ಎಂದು ಮ್ಯಾನೇಜರು ಫೋನಿನಲ್ಲಿ ಕೂಗಾಡಿದರು. ಅವಳು ತೆರೆದೇ ಇದ್ದ ಕತ್ತರಿಯಣ್ಣನ ಲಾಗಿನ್ನಿನಲ್ಲೇ, ರಸ್ತೆಗುಂಡಿಗಳ ಕುರಿತ ಹದಿನೆಂಟು ನಿಮಿಷದ ಕ್ಲಿಪ್ಪಿನಲ್ಲಿ ಪ್ರಸಾರವಾದ ನಲವತ್ತು ಸೆಕೆಂಡು ಉಳಿಸಿ, ಮಿಕ್ಕಿದ್ದನ್ನು ನೋಡದೆಯೇ ಅಳಿಸಿದಳು.

ಮೂರನೇ ದಿನ ನೀರಿನ ಟ್ಯಾಂಕರ್ ಚಾಲಕನ ಹೆಂಡತಿ ಹುಡುಕಿಕೊಂಡು ಬಂದಳು. ಆ ರಸ್ತೆಯಲ್ಲೇ ಸಿಗ್ನಲ್ ಮೀರಿ ಸ್ಕೂಟರಿಗೆ ಗುದ್ದಿದನೆಂದು ಅವಳ ಗಂಡನನ್ನು ಕೆಲಸದಿಂದ ತೆಗೆದಿದ್ದರು.

"ನಿಮ್ಮ ಕ್ಯಾಮೆರಾ ಆಗ ಅಲ್ಲೇ ಇತ್ತಂತೆ. ಸಿಗ್ನಲ್ ಹಸಿರಿದ್ದದ್ದು ಅದ್ರಲ್ಲಿ ಬಂದಿರುತ್ತೆ. ಅದೊಂದು ಕೊಡಿಸಿ ಅಣ್ಣಾ."

ಕತ್ತರಿಯಣ್ಣ ಹುಡುಕಿದರು. ಸಿಕ್ಕಿದ್ದು ನಲವತ್ತು ಸೆಕೆಂಡು, ಬರೀ ಗುಂಡಿಗಳು. ತಿರುಗಿ, ಪಕ್ಕದ ಕುರ್ಚಿಯಲ್ಲಿದ್ದ ತಮ್ಮ ಶಿಷ್ಯೆಯ ಮುಖ ನೋಡಿದರು.

"ಇಷ್ಟು ವರ್ಷದ ಅನುಭವ ಇಟ್ಕೊಂಡು ಇದೇನ್ರೀ ಕೆಲಸ?" ಎಂದು, ಅಳಿಸಿದ ಲಾಗಿನ್ ಯಾರದೆಂದು ನೋಡಿ ಮ್ಯಾನೇಜರು ರೇಗಿದಾಗ ಅವರು, "ಲಾಗಿನ್ ನಂದೇ ಸಾರ್" ಎಂದಷ್ಟೇ ಹೇಳಿದರು. 'ಅಳಿಸಿದ್ದು ನಾನು' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಮನೆಗೆ ತಿಂಗಳ ಸಂಬಳ ತರುತ್ತಿದ್ದವಳು ಅವಳೊಬ್ಬಳೇ. ಮಾತನ್ನು ನುಂಗಿಕೊಂಡಳು.

ಅವತ್ತೇ ಕೆಲಸ ಕಳೆದುಕೊಂಡ ಅವರು ಚೀಲ ಹೆಗಲಿಗೇರಿಸಿ ಹೊರಟಾಗ ಮೆಟ್ಟಿಲವರೆಗೂ ಓಡಿದಳು. "ಯಾಕಣ್ಣ ಹಾಗಂದ್ರಿ?"

"ಎದ್ದು ಹೋಗುವಾಗ ಲಾಗಿನ್ ಮುಚ್ಚಬೇಕಿತ್ತು ತಂಗಿ, ಮುಚ್ಚಲಿಲ್ಲ. ಶಾಲು ನೀನೇ ಇಟ್ಕೋ."

ಟ್ಯಾಂಕರ್ ಚಾಲಕನಿಗೆ ಕೆಲಸ ಮರಳಿ ಸಿಗಲಿಲ್ಲ. ಅವಳು ಇವತ್ತಿಗೂ ಅದೇ ಶಾಲು ಹೊದ್ದು ಅದೇ ಕುರ್ಚಿಯಲ್ಲಿ ಕೂರುತ್ತಾಳೆ.

ಕತ್ತರಿಯಣ್ಣ ಈಗ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ, ಜನ ತರುವ ಹಳೆಯ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತಾರೆ.