ದೊಡ್ಡ ಡಾಕ್ಟರು ಒಳಗೆ ಬಂದಾಗ

ಆಕೆ ಹೆಂಗಸರ ವಾರ್ಡಿನ ಮುಖ್ಯ ನರ್ಸು. ಆಸ್ಪತ್ರೆಯವರಿಗೆಲ್ಲ ದೊಡ್ಡ ಸಿಸ್ಟರ್, ಸಂಜೆ ಕಾಲೇಜಿನವರಿಗೆ ಮಾತ್ರ ಅಕ್ಕ. ಬೆಳಗಿನ ಪಾಳಿ ಮುಗಿದ ಮೇಲೆ ಸಮವಸ್ತ್ರವನ್ನು ಮಡಚಿ ಚೀಲಕ್ಕೆ ತುರುಕಿ, ಮಕ್ಕಳ ವಯಸ್ಸಿನವರ ಜೊತೆ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪಾಠಕ್ಕೆ ಕೂರಲಾರಂಭಿಸಿ ಎರಡನೆಯ ವರ್ಷ ನಡೆಯುತ್ತಿತ್ತು.

"ಮೊಮ್ಮಗಳಿಗೂ ಪರೀಕ್ಷೆ, ಸೊಸೆಗೂ ಪರೀಕ್ಷೆ. ಈ ಮನೇಲಿ ಇನ್ನು ನಾನೊಬ್ಳೇ ಬಾಕಿ," ಎಂದು ಅತ್ತೆ ಮೂಗು ಮುರಿಯುತ್ತಿದ್ದರು.

"ನಿಮಗೂ ಒಂದು ಅರ್ಜಿ ತರ್ಲಾ ಅತ್ತೆ?"

"ಬೇಡ ಕಣೇ. ನಾನು ಪಾಸಾಗಿ ನೀನು ಫೇಲಾದ್ರೆ ನಿನ್ ಮರ್ಯಾದೆ ಏನಾಗ್ಬೇಕು?"

ಆಕೆ ನಗುತ್ತಿದ್ದಳು. ಆದರೆ ಓದನ್ನು ನಗೆಯಾಟವೆಂದು ಒಂದು ದಿನವೂ ಎಣಿಸಿದವಳಲ್ಲ. ಆಸ್ಪತ್ರೆಯಲ್ಲಿ ಹೊಸದಾಗಿ ಸಹಾಯಕ ಆಡಳಿತಾಧಿಕಾರಿಯ ಹುದ್ದೆಯೊಂದು ತೆರೆದಿತ್ತು. ಅದಕ್ಕೆ ಕಣ್ಣಿಟ್ಟವರು ಇಬ್ಬರು. ಇಬ್ಬರೂ ಅದೇ ತರಗತಿಯವರು. ಒಬ್ಬಳು ಆಕೆ. ಇನ್ನೊಬ್ಬ ಸ್ವಾಗತ ವಿಭಾಗದ ಹುಡುಗ. ಸೆಕೆಗಾಲದಲ್ಲೂ ಕುತ್ತಿಗೆಗೆ ಟೈ ಬಿಗಿದುಕೊಂಡೇ ಬರುತ್ತಿದ್ದುದರಿಂದ ಅವನ ಹೆಸರೇ ಟೈ ಎಂದಾಗಿತ್ತು. ಆಸ್ಪತ್ರೆ ಆಡಳಿತದವರ ವಾರ್ಷಿಕ ಸಮ್ಮೇಳನದಲ್ಲಿ ವಿದ್ಯಾರ್ಥಿಗಳೂ ಪ್ರಬಂಧ ಮಂಡಿಸುವುದಿತ್ತು. ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಇಬ್ಬರನ್ನೂ ಕರೆದು, "ಅಲ್ಲಿಗೆ ನಾನೂ ಬರ್ತೀನಿ. ನಾಲ್ಕು ಜನರ ಮುಂದೆ ನಿಂತು ಯಾರು ಚೆನ್ನಾಗಿ ಮಾತಾಡ್ತಾರೋ ಅವರನ್ನೇ ತಗೊಳ್ಳೋದು," ಎಂದಿದ್ದರು.

ಪ್ರಬಂಧವನ್ನು ಬರೆದವಳು ಆಕೆ. ಮನೆಗೆ ಹೋಗಬಹುದೆಂದು ಡಾಕ್ಟರು ಬೆಳಿಗ್ಗೆ ಹೇಳಿದ ರೋಗಿ ಸಂಜೆಯವರೆಗೂ ಹಾಸಿಗೆಯ ಮೇಲೆಯೇ ಕಾಯುವುದೇಕೆ, ಆ ಹಾಸಿಗೆಗಾಗಿ ಇನ್ನೊಬ್ಬಳು ಹೊರಗೆ ಬೆಂಚಿನ ಮೇಲೆ ನರಳುವುದೇಕೆ ಎಂಬುದೇ ಅದರ ವಿಷಯ. ಪ್ರತಿ ಪ್ರಬಂಧಕ್ಕೂ ಇಬ್ಬರಿರಬೇಕೆಂಬ ನಿಯಮವಿದ್ದುದರಿಂದ ಟೈ ಜೊತೆಗೂಡಿದ. ಮಾತು ಆಕೆಯದು, ಕೊನೆಯಲ್ಲಿ ಪ್ರಶ್ನೆಗಳಿಗೆ ಉತ್ತರ ಅವನದು ಎಂದು ಹಂಚಿಕೊಂಡರು. ವಾರವಿಡೀ ಅಡುಗೆಮನೆಯಲ್ಲಿ ಆಕೆ ಪಾತ್ರೆಗಳಿಗೆ ಭಾಷಣ ಮಾಡಿದಳು. ಮಗಳು ಗಡಿಯಾರ ಹಿಡಿದು ಕೂತು, "ಅಮ್ಮಾ, ಆರ್ಡರ್ ಮಾಡ್ಬೇಡ. ಅವರೇನು ನಿನ್ನ ವಾರ್ಡ್ ಆಯಾಗಳಲ್ಲ," ಎಂದು ತಿದ್ದಿದಳು.

ಸಮ್ಮೇಳನ ನಡೆದದ್ದು ದೊಡ್ಡ ಹೋಟೆಲೊಂದರ ಸಭಾಂಗಣದಲ್ಲಿ. ಕುರ್ಚಿಗಳಿಗೆ ಬಿಳಿಯ ಗವುಸು, ಹೆಜ್ಜೆಯ ಸದ್ದನ್ನೇ ನುಂಗುವ ದಪ್ಪ ಜಮಖಾನೆ, ಮೂಳೆ ಕೊರೆಯುವ ಚಳಿ. ಬಾಗಿಲಲ್ಲಿ ಬ್ಯಾಡ್ಜ್ ಹಂಚುತ್ತಿದ್ದವನು ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮಕ್ಕಳ ಜೊತೆ ಬಂದ್ರಾ ಮೇಡಂ? ಪೋಷಕರಿಗೆ ಒಳಗೆ ಜಾಗ ಇಲ್ಲ," ಎಂದ.

"ಇವರೂ ಸ್ಟೂಡೆಂಟೇ ಸಾರ್," ಎಂದ ಟೈ. "ಮಾರ್ಕ್ಸ್ ವಿಷಯಕ್ಕೆ ಬಂದ್ರೆ ಮಾತ್ರ ನಮಗೆಲ್ಲ ಅಮ್ಮ."

ವೇದಿಕೆ ಹತ್ತಿದಾಗ ದೊಡ್ಡ ಡಾಕ್ಟರು ಇನ್ನೂ ಬಂದಿರಲಿಲ್ಲ. ಆಕೆ ಆರಂಭಿಸಿದಳು. ಮೊದಲು ದನಿ ನಡುಗಿತು, ಆಮೇಲೆ ಹದಕ್ಕೆ ಬಂತು. ಮುಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವರು ತಲೆ ಎತ್ತಿದರು. ಒಬ್ಬರು ಪೆನ್ನು ತೆಗೆದರು. ಬರೆದದ್ದನ್ನು ಬದಿಗಿಟ್ಟು ತನ್ನ ಮಾತಿನಲ್ಲೇ ಹೇಳುವಷ್ಟು ಧೈರ್ಯ ಬಂದಾಗ, ಇದು ತನ್ನ ಕೈಗೆ ಬಂತೆಂದು ಆಕೆಗೆ ಅನ್ನಿಸಿತು.

ಆ ಹೊತ್ತಿಗೆ ಹಿಂದಿನ ಬಾಗಿಲು ತೆರೆಯಿತು. ದೊಡ್ಡ ಡಾಕ್ಟರು ಒಳಗೆ ಬಂದರು.

ವಾರ್ಡಿಗೆ ಹಿರಿಯ ವೈದ್ಯರು ಕಾಲಿಟ್ಟೊಡನೆ ನರ್ಸು ಬಾಯಿ ಮುಚ್ಚಬೇಕು, ಕೈಕೆಲಸ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು, ಅವರಾಗಿ ಕೇಳುವ ತನಕ ಕಾಯಬೇಕು. ತರಬೇತಿಯ ಮೊದಲ ದಿನಗಳಲ್ಲೇ ಬೈದು ಕಲಿಸುವ ಪಾಠವಿದು. ಒಮ್ಮೆ ಮೈಗೆ ಹತ್ತಿದರೆ ಮತ್ತೆ ಮನಸ್ಸಿನ ಅಪ್ಪಣೆಗೆ ಕಾಯುವುದಿಲ್ಲ. ಆಕೆಯ ಮಾತು ಅರ್ಧಕ್ಕೆ ನಿಂತಿತು. ಕಾಲು ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿಯಿತು. ಕೈಗಳು ತಾವಾಗಿ ಬೆನ್ನ ಹಿಂದೆ ಕೂಡಿಕೊಂಡವು. ತಲೆ ತುಸು ಬಾಗಿಸಿ, ಅಷ್ಟು ಜನರೆದುರು, ಆಕೆ ಕಾಯುತ್ತ ನಿಂತಳು.

ದೊಡ್ಡ ಡಾಕ್ಟರಿಗೆ ಅವಸರವಿರಲಿಲ್ಲ. ಪರಿಚಿತರ ಕೈ ಕುಲುಕುತ್ತ ನಡುದಾರಿಯಲ್ಲಿ ನಡೆದು ಬಂದರು. ಮಾತು ಮುಗಿಯಿತೆಂದು ತಿಳಿದ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಆ ಸದ್ದಿಗೆ ಆಕೆಗೆ ಎಚ್ಚರವಾಯಿತು. ಬದಿಗಿಟ್ಟಿದ್ದ ಹಾಳೆಗಳನ್ನು ಎತ್ತಿಕೊಂಡು, ಎಲ್ಲಿ ನಿಲ್ಲಿಸಿದ್ದೆನೆಂದು ಹುಡುಕತೊಡಗಿದಳು.

"ಉಳಿದ ಭಾಗ ನಾನು ಹೇಳ್ತೀನಿ," ಎಂದು ಟೈ ಮೈಕಿನ ಮುಂದೆ ಬಂದ. ಆಕೆಯ ಮರ್ಯಾದೆ ಉಳಿಸಲೆಂದೇ ಬಂದನೆಂದು ಇಟ್ಟುಕೊಳ್ಳೋಣ. ಆಕೆ ಬರೆದದ್ದನ್ನು ಆಕೆಗಿಂತ ಚೆನ್ನಾಗಿ ಹೇಳಿದ; ನಗಿಸಬೇಕಾದಲ್ಲಿ ನಗಿಸಿದ. ದೊಡ್ಡ ಡಾಕ್ಟರು ಕೇಳಿದ್ದು ಅಷ್ಟನ್ನೇ.

ಚಹದ ವಿರಾಮದಲ್ಲಿ ಅವರು ಇಬ್ಬರ ಬಳಿಗೂ ಬಂದರು. ಟೈಯ ಬೆನ್ನು ತಟ್ಟಿ, "ನಾಳೆಯಿಂದ ನನ್ನ ಆಫೀಸಿಗೇ ಬಂದ್ಬಿಡಪ್ಪ," ಎಂದರು.

ಅವನ ಮುಖ ಕೆಂಪಾಯಿತು. "ಬರೆದಿದ್ದೆಲ್ಲ ಅಕ್ಕನೇ ಸಾರ್."

"ಗೊತ್ತು ಕಣಯ್ಯ. ವಾರ್ಡಲ್ಲಿ ಇಂಥವರೊಬ್ಬರು ಇರೋದಕ್ಕೇ ನಮ್ಮ ಆಸ್ಪತ್ರೆ ನಡೀತಿರೋದು." ಅವರು ಆಕೆಯ ಕಡೆ ತಿರುಗಿ ಮನಸಾರೆ ನಕ್ಕರು. "ನೋಡಿದೆಯೇನಪ್ಪ, ನಾನು ಬಂದಾಗ ಇವರು ಹೇಗೆ ನಿಂತ್ರು ಅಂತ? ಎಷ್ಟು ಶಿಸ್ತು! ಇವರನ್ನ ತಂದು ಫೈಲುಗಳ ಮಧ್ಯೆ ಕೂರಿಸಿದ್ರೆ ಪಾಪ ಬರುತ್ತೆ."

ಬೈದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು. ಆದರೆ ಇದು ಹೊಗಳಿಕೆ. ಚಹದ ಬಟ್ಟಲನ್ನು ಮೇಜಿನ ಮೇಲಿಟ್ಟು ಒಳಗೆ ಹೋಗಿ, ಮೊದಲ ಸಾಲಿನಲ್ಲಿ, ಹಿರಿಯ ಅತಿಥಿಗಳಿಗೆಂದು ಬಿಟ್ಟಿದ್ದ ಕುರ್ಚಿಗಳ ಪಕ್ಕದಲ್ಲೇ ಕುಳಿತಳು. ಟೈ ಬಂದು ಪಕ್ಕದಲ್ಲಿ ಕೂತ.

"ಅಕ್ಕ, ನನ್ಮೇಲೆ ಕೋಪಾನಾ?"

"ಇಲ್ಲಪ್ಪ. ಟೈ ಸಡಿಲ ಮಾಡ್ಕೋ, ಉಸಿರು ಕಟ್ಟುತ್ತೆ."

ವಿರಾಮ ಮುಗಿದು, ಅತಿಥಿಗಳ ಕುರ್ಚಿಗಳೂ ತುಂಬಿದ ಮೇಲೆ, ದೊಡ್ಡ ಡಾಕ್ಟರು ಅದೇ ಸಾಲಿಗೆ ಬಂದು ಆಕೆಯ ಎದುರು ನಿಂತರು. ಏಳಲೆಂದು ಆಕೆಯ ಮೊಣಕಾಲುಗಳು ಆಗಲೇ ಬಿಗಿದಿದ್ದವು. ಕುರ್ಚಿಯ ಅಂಚನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದು ಕೂತೇ ಇದ್ದಳು. ಅವರ ಹುಬ್ಬು ಗಂಟಿಕ್ಕಿತು. ಅದರಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕಾಳಜಿಯಿತ್ತು.

"ಯಾಕೆ ಸಿಸ್ಟರ್, ಹುಷಾರಿಲ್ವಾ?"

"ಹುಷಾರಾಗಿದೀನಿ ಸರ್."

ಅವರಿಗೆ ಅರ್ಥವಾಗಲಿಲ್ಲ. ಮತ್ತೇನೋ ಕೇಳುವುದರಲ್ಲಿದ್ದರು, ಅಷ್ಟರಲ್ಲಿ ಪಕ್ಕದಿಂದ ಕುರ್ಚಿ ಸರಿದ ಸದ್ದು ಕೇಳಿತು. ಟೈ ಎದ್ದಿದ್ದ. ಬೆಳಗಿನವರೆಗೆ ಯಾರೆದುರೂ ಹಾಗೆ ಎದ್ದವನಲ್ಲ. ಈಗ ತುಸು ಬೆನ್ನು ಬಾಗಿಸಿ, ತನ್ನ ಜಾಗವನ್ನೇ ತೋರಿಸುತ್ತ, "ಬನ್ನಿ ಸರ್, ಇಲ್ಲಿ ಕೂತ್ಕೊಳ್ಳಿ," ಎಂದ. ದೊಡ್ಡ ಡಾಕ್ಟರು ಕುಳಿತರು. ಅವನು ಗೋಡೆಯ ಬದಿಗೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.